‘ಡೇಟಾ ಮುಗಿದಿದೆ’ ಅಂತ ಬಂದ ಮೆಸೇಜು ಯಾವ ಭಾಷೆಯಲ್ಲಿತ್ತು?



ಒಂದು ಪ್ರಶ್ನೆ. ಇವತ್ತಿನ ಡೇಟಾದಲ್ಲಿ ಅರ್ಧ ಖರ್ಚಾಗಿದೆ ಅಂತ ಮೊಬೈಲ್ ಕಂಪನಿ ಕಳಿಸುವ ಮೆಸೇಜನ್ನು ನೀವು ಕೊನೆಯ ಸಲ ಪೂರ್ತಿ ಓದಿದ್ದು ಯಾವಾಗ? ನೆನಪಿಲ್ಲ ಅಲ್ವಾ? ನಮ್ಮಲ್ಲಿ ಹೆಚ್ಚಿನವರು ಓದೋದಿಲ್ಲ. ಮೆಸೇಜು ಇಂಗ್ಲಿಷಿನಲ್ಲಿರುತ್ತೆ, ಇಲ್ಲಾಂದ್ರೆ ಆ ರಾಜ್ಯದ ಭಾಷೆಯಲ್ಲಿರುತ್ತೆ. ನಾವು ಬೆರಳಲ್ಲಿ ಪಕ್ಕಕ್ಕೆ ಸರಿಸಿ ವಿಡಿಯೋ ಮುಂದುವರಿಸ್ತೀವಿ. ಸಂಜೆ ಏಳಕ್ಕೆ ನೆಟ್ ತೆವಳೋಕೆ ಶುರುವಾದಾಗ ಹತ್ತಿರದ ಅಂಗಡಿಗೆ ಹೋಗಿ ‘ಅಣ್ಣಾ, ಒಂದು ಜಿಬಿ ಹಾಕು’ ಅಂತೀವಿ.

ನಾನು ಬ್ಯಾಂಕಿನ ಕೌಂಟರಿನಲ್ಲಿ ಕೂರುವವನು, ಓದಿದ್ದು ಕಾಮರ್ಸ್. ಪಾಸ್‌ಬುಕ್ ಪ್ರಿಂಟ್ ಹಾಕುವಾಗ 19, 22, 29 ರೂಪಾಯಿಯ ಸಾಲುಗಳು ಒಂದರ ಕೆಳಗೆ ಒಂದು ಬೀಳೋದು ದಿನಾ ಕಣ್ಣಿಗೆ ಬೀಳುತ್ತೆ. ಒಂದೊಂದೂ ಸಣ್ಣದು, ಅದಕ್ಕೇ ಯಾರೂ ಕೂಡಿ ನೋಡೋದಿಲ್ಲ. ಇವತ್ತು ಕೂಡಿಯೇ ನೋಡೋಣ. ಡೇಟಾ ದುಬಾರಿಯೋ ಅಗ್ಗವೋ ಅನ್ನೋ ಚರ್ಚೆ ಬೇರೆ. ನಾನು ಹೇಳೋದು ಇಷ್ಟೇ: ನಮ್ಮ ಡೇಟಾದ ಲೆಕ್ಕ ನಮ್ಮ ಕೈಯಲ್ಲಿರಬೇಕು, ಆ ಲೆಕ್ಕ ನಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಎರಡನೆಯದು ಇಲ್ಲದಿದ್ದರೆ ಮೊದಲನೆಯದು ಕಷ್ಟ.

*ಬಿಲ್ಲು ಹೋಯ್ತು, ಹೆಚ್ಚುವರಿ ಹಣ ಹೋಗಲಿಲ್ಲ*

ಸ್ವಲ್ಪ ಹಿಂದಿನ ಕಾಲ ನೆನಪಿಸಿಕೊಳ್ಳಿ. ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಇದ್ದ ಮನೆಗಳಲ್ಲಿ ತಿಂಗಳಿಗೆ ಇಷ್ಟು ಅಂತ ಮಿತಿ ಇರ್ತಿತ್ತು. ಅದು ದಾಟಿದ್ರೆ ಎಂಬಿ ಲೆಕ್ಕದಲ್ಲಿ ಬಿಲ್ಲು. ಕೆಲವು ಪ್ಲ್ಯಾನುಗಳಲ್ಲಿ ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಉಚಿತ ಅಂತ ಹುಡುಗರು ಅಲಾರಂ ಇಟ್ಟು ಎದ್ದು ಡೌನ್‌ಲೋಡ್ ಹಾಕ್ತಿದ್ರು. ಆಗ ಬಿಲ್ಲು ಬರ್ತಿತ್ತು, ಅಪ್ಪ ಬಯ್ತಿದ್ರು, ಎಲ್ಲರಿಗೂ ಗೊತ್ತಾಗ್ತಿತ್ತು.

ಈಗ ನಮ್ಮಲ್ಲಿ ಬಹುತೇಕ ಎಲ್ಲರೂ ಪ್ರೀಪೇಯ್ಡ್. ಬಿಲ್ಲು ಬರೋದೇ ಇಲ್ಲ. ಹೆಚ್ಚುವರಿ ಖರ್ಚು ಬೇರೆ ಮೂರು ಬಾಗಿಲಿಂದ ಹೋಗುತ್ತೆ. ದಿನದ ಕೋಟಾ ಮುಗಿದ ಮೇಲೆ ಹಾಕಿಸುವ ಆಡ್-ಆನ್ ಪ್ಯಾಕು ಒಂದು. 28 ದಿನದ ‘ತಿಂಗಳು’ ಎರಡನೆಯದು. ಬೇಡದ ಡೇಟಾವನ್ನೂ ಸೇರಿಸಿ ಕೊಳ್ಳೋದು ಮೂರನೆಯದು. ಮೂರಕ್ಕೂ ರಸೀದಿ ಇಲ್ಲ, ಬಯ್ಯುವ ಅಪ್ಪನೂ ಇಲ್ಲ.

ಮೊದಲನೆಯದರ ಲೆಕ್ಕ ಹಾಕೋಣ. ದರ ಕಂಪನಿಯಿಂದ ಕಂಪನಿಗೆ ಬೇರೆ, 2024ರ ಜುಲೈ ಮೊದಲ ವಾರ ಮೂರೂ ಖಾಸಗಿ ಕಂಪನಿಗಳು ಏರಿಸಿಯೂ ಇವೆ. ಹಾಗಾಗಿ ಲೆಕ್ಕಕ್ಕೆ ಸುಲಭ ಆಗೋ ಹಾಗೆ ಇಟ್ಕೊಳ್ಳಿ: ದಿನಕ್ಕೆ ಒಂದೂವರೆ ಜಿಬಿ, 28 ದಿನ, 300 ರೂಪಾಯಿ. ಆಡ್-ಆನ್ ಒಂದು ಜಿಬಿಗೆ 20 ರೂಪಾಯಿ.

28 ದಿನಕ್ಕೆ ಒಟ್ಟು 42 ಜಿಬಿ. ಈಗ ಒಬ್ಬ ಹುಡುಗ ಇದ್ದಾನೆ ಅಂದುಕೊಳ್ಳಿ. 20 ದಿನ ಕೆಲಸ, ಕಾಲೇಜು ಅಂತ ಓಡಾಡ್ತಾನೆ, ದಿನಕ್ಕೆ 0.8 ಜಿಬಿ ಸಾಕು. ಉಳಿದ 8 ದಿನ ರಜೆ, ಕ್ರಿಕೆಟ್ಟು, ಸಿನಿಮಾ. ದಿನಕ್ಕೆ ಎರಡೂವರೆ ಜಿಬಿ ಬೇಕು. ಕೂಡಿಸಿ: 16 ಮತ್ತು 20, ಒಟ್ಟು 36 ಜಿಬಿ. ಕೊಂಡಿದ್ದು 42, ಬೇಕಾಗಿದ್ದು 36. ಆದರೂ ಅವನು ಆ 8 ದಿನವೂ ಒಂದೊಂದು ಜಿಬಿ ಆಡ್-ಆನ್ ಹಾಕಿಸ್ತಾನೆ. ಯಾಕೆ? 20 ದಿನ ಉಳಿಸಿದ 14 ಜಿಬಿ ಆಯಾ ರಾತ್ರಿ 12ಕ್ಕೇ ಸತ್ತು ಹೋಗಿದೆ. ಮರುದಿನಕ್ಕೆ ಬರೋದಿಲ್ಲ. 14 ಜಿಬಿ ಚೆಲ್ಲಿ 8 ಜಿಬಿ ಕೊಂಡ.

8 ಸಲ 20 ಅಂದ್ರೆ 160 ರೂಪಾಯಿ. ವರ್ಷಕ್ಕೆ ಇಂಥ 13 ಸುತ್ತು, 2,080 ರೂಪಾಯಿ. ಮೂಲ ರೀಚಾರ್ಜಿಗೆ ವರ್ಷಕ್ಕೆ 3,900 ಕೊಡ್ತಿದ್ದವನು ಹತ್ತಿರ ಹತ್ತಿರ 6,000 ಕೊಟ್ಟ. ಕಂಪನಿ ಮೋಸ ಮಾಡಿಲ್ಲ, ಎಲ್ಲಾ ಪ್ಲ್ಯಾನಿನಲ್ಲೇ ಬರೆದಿದೆ. ನಮ್ಮ ಖರ್ಚಿನ ರೀತಿಗೆ ಆ ಪ್ಲ್ಯಾನು ಹೊಂದೋದಿಲ್ಲ, ಅಷ್ಟೇ. ಅದನ್ನು ಯಾರೂ ನಮಗೆ ಹೇಳಿಲ್ಲ.

‘ಇಪ್ಪತ್ತು ರೂಪಾಯಿ ಏನು ಮಹಾ, ಒಂದು ಟೀ-ವಡೆ’ ಅನ್ನೋರಿದ್ದಾರೆ. ಇರಬಹುದು. ಆದರೆ ಒಂದು ಮನೆಯಲ್ಲಿ ನಾಲ್ಕು ಫೋನು. ಸಂಬಳ ಬರುವವನಿಗೆ 2,000 ರೂಪಾಯಿ ದೊಡ್ಡದಲ್ಲ. ದಿನಗೂಲಿ ಮನೆಯಲ್ಲಿ ಅದು ಮಗುವಿನ ಶಾಲೆ ಬ್ಯಾಗು, ನೋಟ್‌ಬುಕ್ಕು, ಬಸ್ ಪಾಸು ಎಲ್ಲಾ ಸೇರಿದ ಮೊತ್ತ.

*ತಿಂಗಳಿಗೆ 28 ದಿನ ಅಂದವರು ಯಾರು?*

365ನ್ನು 28ರಿಂದ ಭಾಗಿಸಿ. 13 ಬರುತ್ತೆ. ಅಂದ್ರೆ ವರ್ಷಕ್ಕೆ 12 ತಿಂಗಳು, ರೀಚಾರ್ಜು 13. ಸಂಬಳ 12 ಸಲ, ಖರ್ಚು 13 ಸಲ.

ಇದರ ಬಗ್ಗೆ ದೂರು ಹೆಚ್ಚಾದ ಮೇಲೆ ಟ್ರಾಯ್ 2022ರ ಜನವರಿಯಲ್ಲಿ ಒಂದು ಆದೇಶ ಮಾಡಿತು. ಪ್ರತಿ ಕಂಪನಿಯೂ 30 ದಿನ ಅವಧಿಯ ಪ್ಲ್ಯಾನು, ಜೊತೆಗೆ ಪ್ರತಿ ತಿಂಗಳು ಅದೇ ತಾರೀಕಿಗೆ ನವೀಕರಣ ಆಗುವ ಪ್ಲ್ಯಾನು ಇಡಲೇಬೇಕು ಅಂತ. ಅಂಥ ಪ್ಲ್ಯಾನುಗಳು ಇವೆ. ಆದರೆ ಅಂಗಡಿಯವನು ತಾನಾಗಿ ಹೇಳೋದಿಲ್ಲ, ಆಪ್‌ನಲ್ಲಿ ಮೊದಲ ಸಾಲಿನಲ್ಲಿ ಕಾಣೋದೂ ಇಲ್ಲ. ಕೆಳಗೆ ಇಳಿದು ಹುಡುಕಬೇಕು. ದರವನ್ನು ದಿನದ ಲೆಕ್ಕಕ್ಕೆ ಇಳಿಸಿ ಹೋಲಿಸಿ. 300ನ್ನು 28ರಿಂದ ಭಾಗಿಸಿದ್ರೆ ದಿನಕ್ಕೆ 10 ರೂಪಾಯಿ 71 ಪೈಸೆ. ಇನ್ನೊಂದು ಪ್ಲ್ಯಾನಿನ ದರವನ್ನೂ ಹೀಗೇ ಅದರ ದಿನಗಳಿಂದ ಭಾಗಿಸಿ. ಯಾವುದು ಅಗ್ಗ ಅಂತ ಜಾಹೀರಾತು ಹೇಳಬೇಕಿಲ್ಲ, ಫೋನಿನ ಕ್ಯಾಲ್ಕುಲೇಟರೇ ಹೇಳುತ್ತೆ.

*ಅಮ್ಮನ ಕೀಪ್ಯಾಡ್ ಫೋನಿಗೆ ಒಂದೂವರೆ ಜಿಬಿ*

ಮೂರನೆಯ ಬಾಗಿಲು ಇದು. ನಮ್ಮ ಊರುಗಳಲ್ಲಿ ಅಪ್ಪ, ಅಮ್ಮ, ಅಜ್ಜಿ ಹತ್ತಿರ ಸಣ್ಣ ಫೋನು ಇರುತ್ತೆ. ಕರೆ ಬರಬೇಕು, ಕರೆ ಹೋಗಬೇಕು, ಬ್ಯಾಂಕಿನ ಒಟಿಪಿ ಬರಬೇಕು. ಅಷ್ಟೇ ಕೆಲಸ. ಅದಕ್ಕೂ ದಿನಕ್ಕೆ ಒಂದೋ ಒಂದೂವರೆಯೋ ಜಿಬಿ ಇರುವ ಪ್ಯಾಕೇ ಹಾಕಿಸ್ತಾ ಬಂದಿದ್ದೀವಿ. ಆ ಫೋನಿಗೆ ಡೇಟಾ ಅಂದ್ರೆ ಈಜು ಬಾರದವನಿಗೆ ಕೆರೆ ಬರೆದುಕೊಟ್ಟ ಹಾಗೆ.

2024ರ ಡಿಸೆಂಬರಿನಲ್ಲಿ ಟ್ರಾಯ್ ತನ್ನ ಗ್ರಾಹಕ ರಕ್ಷಣೆ ನಿಯಮಗಳಿಗೆ ತಿದ್ದುಪಡಿ ತಂದು, ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ಪ್ಯಾಕನ್ನು ಪ್ರತಿ ಕಂಪನಿಯೂ ಕನಿಷ್ಠ ಒಂದಾದರೂ ಕೊಡಬೇಕು ಅಂತ ಹೇಳಿದೆ. ಇಂಥ ವಿಶೇಷ ಪ್ಯಾಕುಗಳ ಅವಧಿಯ ಮಿತಿಯನ್ನೂ 90 ದಿನದಿಂದ 365 ದಿನಕ್ಕೆ ಏರಿಸಿದೆ. 2025ರ ಜನವರಿಯಿಂದ ಕಂಪನಿಗಳ ಪಟ್ಟಿಯಲ್ಲಿ ಇವು ಬಂದಿವೆ. ಮನೆಯ ಹಿರಿಯರ ಮುಂದಿನ ರೀಚಾರ್ಜಿಗೆ ಮೊದಲು ‘ಡೇಟಾ ಇಲ್ಲದ್ದು, ಕರೆ ಮತ್ತು ಮೆಸೇಜು ಮಾತ್ರ ಇರೋದು ಯಾವುದಿದೆ?’ ಅಂತ ಕೇಳಿ. ದಿನದ ಲೆಕ್ಕಕ್ಕೆ ಇಳಿಸಿ ನೋಡಿ, ಕಡಿಮೆ ಬಿದ್ರೆ ಮಾತ್ರ ಹಾಕಿ.

ಇಲ್ಲಿ ಬ್ಯಾಂಕಿನವನಾಗಿ ಒಂದು ಮಾತು. ‘ಅಜ್ಜಿಗೆ ಯಾರು ಫೋನ್ ಮಾಡ್ತಾರೆ’ ಅಂತ ರೀಚಾರ್ಜೇ ನಿಲ್ಲಿಸಬೇಡಿ. ಕರೆ, ಮೆಸೇಜು, ಡೇಟಾ ಯಾವುದೂ ಬಳಸದೆ 90 ದಿನ ಕಳೆದರೆ ನಂಬರು ಕಡಿದು ಹೋಗಬಹುದು. ಖಾತೆಯಲ್ಲಿ 20 ರೂಪಾಯಿ ಬ್ಯಾಲೆನ್ಸ್ ಇದ್ದರೆ ಅದನ್ನು ಕಡಿದುಕೊಂಡು ನಂಬರು ಉಳಿಸಿಕೊಡುವ ನಿಯಮ ಇದೆ. ನಂಬರು ಹೋದರೆ ಸ್ವಲ್ಪ ಕಾಲದ ನಂತರ ಅದು ಇನ್ಯಾರಿಗೋ ಸಿಗುತ್ತೆ. ಪಿಂಚಣಿ ಖಾತೆಗೆ ಜೋಡಿಸಿದ ನಂಬರು ಬೇರೆಯವರ ಜೇಬಿನಲ್ಲಿದ್ದರೆ ಏನಾಗುತ್ತೆ ಅಂತ ವಿವರಿಸಬೇಕಿಲ್ಲ.

*ಡೇಟಾ ಸೋರೋದು ಎಲ್ಲಿ?*

ನಾವು ನೋಡಿದ್ದಕ್ಕೆ ಖರ್ಚಾದರೆ ಬೇಜಾರಿಲ್ಲ. ನೋಡದೇ ಖರ್ಚಾಗೋದೇ ಬೇಜಾರು. ಮುಖ್ಯವಾದವು ಇವು:

1. ವಿಡಿಯೋದ ಗುಣಮಟ್ಟ. 480ರಲ್ಲಿ ಒಂದು ಗಂಟೆ ನೋಡಿದರೆ ಸುಮಾರು ಅರ್ಧ ಜಿಬಿ. ಅದೇ 1080ರಲ್ಲಿ ಒಂದೂವರೆ ಜಿಬಿ ಅಥವಾ ಅದಕ್ಕೂ ಹೆಚ್ಚು, ಅಂದ್ರೆ ಇಡೀ ದಿನದ ಕೋಟಾ. ಆರಿಂಚಿನ ಪರದೆಯಲ್ಲಿ ಬೋರ್ಡಿನ ಅಕ್ಷರ ಓದೋಕೆ 480 ಸಾಕು. ಯೂಟ್ಯೂಬಿನ ಸೆಟ್ಟಿಂಗ್ಸ್‌ನಲ್ಲಿ ಮೊಬೈಲ್ ನೆಟ್‌ವರ್ಕಿಗೆ ‘ಡೇಟಾ ಸೇವರ್’ ಅಂತ ಒಮ್ಮೆ ಇಟ್ಟುಬಿಡಿ.

2. ವಾಟ್ಸಾಪ್ ಗುಂಪುಗಳು. ಶುಭೋದಯದ ಚಿತ್ರ, ಯಾರದೋ ಭಾಷಣ, ಮದುವೆ ವಿಡಿಯೋ. ಸೆಟ್ಟಿಂಗ್ಸ್, ಸ್ಟೋರೇಜ್ ಅಂಡ್ ಡೇಟಾ, ಅಲ್ಲಿ ಮೀಡಿಯಾ ಆಟೋ-ಡೌನ್‌ಲೋಡ್. ಮೊಬೈಲ್ ಡೇಟಾ ಅನ್ನುವ ಕಡೆ ಇರುವ ಎಲ್ಲಾ ಟಿಕ್ ತೆಗೆಯಿರಿ. ಬೇಕಾದ್ದನ್ನು ಒತ್ತಿ ನೋಡಿದರಾಯ್ತು.

3. ಆಪ್ ಅಪ್‌ಡೇಟು ಮತ್ತು ಫೋಟೋ ಬ್ಯಾಕಪ್ಪು. ಎರಡನ್ನೂ ವೈಫೈ ಇದ್ದಾಗ ಮಾತ್ರ ಅಂತ ಇಡಿ.

4. ಹಾಟ್‌ಸ್ಪಾಟ್. ಲ್ಯಾಪ್‌ಟಾಪಿಗೆ ಫೋನಿನ ನೆಟ್ ಕೊಟ್ಟ ಕೂಡಲೇ ವಿಂಡೋಸ್ ಅದನ್ನು ಮನೆಯ ವೈಫೈ ಅಂತ ತಿಳಿದು ಅಪ್‌ಡೇಟ್ ಎಳೆಯೋಕೆ ಶುರು ಮಾಡಬಹುದು. ಆ ಸಂಪರ್ಕವನ್ನು ‘ಮೀಟರ್ಡ್ ಕನೆಕ್ಷನ್’ ಅಂತ ಗುರುತಿಸಿದರೆ ಅದು ಕೈ ಹಿಡಿದು ಕೂರುತ್ತೆ. ಐದು ನಿಮಿಷದ ಅರ್ಜಿ ತುಂಬೋಕೆ ಹೋಗಿ ದಿನದ ಡೇಟಾ ಕಳಕೊಳ್ಳೋದು ಹೀಗೇ.

5. ‘ಅನ್‌ಲಿಮಿಟೆಡ್ 5ಜಿ’. ಇದು ಗಡಿ ಹಳ್ಳಿಗಳಿಗೆ ವಿಶೇಷ ಬಲೆ. ಮಿತಿ ಇಲ್ಲದ್ದು 5ಜಿಯಲ್ಲಿ ಮಾತ್ರ. ಪೇಟೆಯಲ್ಲಿ 5ಜಿ ಇರುತ್ತೆ, ಊರಿಗೆ ಬರೋ ಬಸ್ಸಿನಲ್ಲಿ ಎರಡು ತಿರುವು ದಾಟಿದರೆ ಫೋನು 4ಜಿಗೆ ಇಳಿಯುತ್ತೆ. ವಿಡಿಯೋ ನಿಲ್ಲೋದಿಲ್ಲ, ಆದರೆ ಮೀಟರು ಓಡೋಕೆ ಶುರು. ಪರದೆಯ ಮೇಲ್ತುದಿಯಲ್ಲಿ 5ಜಿ ಇದೆಯೋ 4ಜಿ ಇದೆಯೋ ನೋಡುವ ಅಭ್ಯಾಸ ಮಾಡ್ಕೊಳ್ಳಿ. ಮನೆಯಲ್ಲಿ 5ಜಿ ಸಿಗದೇ ಇದ್ದರೆ ಬರೀ ಅದಕ್ಕೋಸ್ಕರ ದೊಡ್ಡ ಪ್ಲ್ಯಾನು ಹಾಕಿಸೋದರಲ್ಲಿ ಅರ್ಥ ಇಲ್ಲ.

ಇದೆಲ್ಲದರ ಮೇಲೆ ಒಂದು ಬೀಗ ಇದೆ. ಆಂಡ್ರಾಯ್ಡ್ ಫೋನಿನ ಡೇಟಾ ಬಳಕೆಯ ಸೆಟ್ಟಿಂಗ್ಸ್‌ನಲ್ಲಿ ಎಚ್ಚರಿಕೆ ಮತ್ತು ಮಿತಿ ಅಂತ ಎರಡಿವೆ. ಎಷ್ಟಕ್ಕೆ ಎಚ್ಚರಿಸಬೇಕು, ಎಷ್ಟಕ್ಕೆ ನಿಲ್ಲಿಸಬೇಕು ಅಂತ ನೀವೇ ಬರೆಯಬಹುದು. ಯಾವ ಆಪ್ ಎಷ್ಟು ತಿಂದಿದೆ ಅನ್ನೋ ಪಟ್ಟಿಯೂ ಅಲ್ಲೇ ಇದೆ. ಇನ್ನೊಂದು ಮುಖ್ಯ ವಿಷಯ: ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿದರೆ ಈ ಲೆಕ್ಕವೆಲ್ಲ ಕನ್ನಡದಲ್ಲೇ ಸಿಗುತ್ತೆ. ಅದಕ್ಕೆ ಯಾವ ರಾಜ್ಯದ ಅಪ್ಪಣೆಯೂ ಬೇಕಿಲ್ಲ. ಕಂಪನಿಯ ಮೆಸೇಜು ಅರ್ಥ ಆಗದವರ ಮನೆಯಲ್ಲಿ ಮೊದಲು ಮಾಡಬೇಕಾದ ಕೆಲಸ ಇದೇ.

*ನೆಟ್ ತೆವಳಿದ ಕೂಡಲೇ ಅಂಗಡಿಗೆ ಓಡಬೇಡಿ*

ದಿನದ ಕೋಟಾ ಮುಗಿದ ಮೇಲೂ ಹೆಚ್ಚಿನ ಅನ್‌ಲಿಮಿಟೆಡ್ ಪ್ಲ್ಯಾನುಗಳಲ್ಲಿ ನೆಟ್ ಪೂರ್ತಿ ನಿಲ್ಲೋದಿಲ್ಲ. 64 ಕೆಬಿಪಿಎಸ್‌ಗೆ ಇಳಿಯುತ್ತೆ. ಅಂದ್ರೆ ಸೆಕೆಂಡಿಗೆ 8 ಕೆಬಿ, ಒಂದು ಎಂಬಿ ಇಳಿಯೋಕೆ ಎರಡು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು. ವಿಡಿಯೋ ಓಡೋದಿಲ್ಲ, ನಿಜ. ಆದರೆ ವಾಟ್ಸಾಪಿನ ಅಕ್ಷರ ಸಂದೇಶ ಹೋಗುತ್ತೆ. ಯುಪಿಐ ಪಾವತಿ ನಿಧಾನವಾಗಿಯಾದರೂ ಆಗುತ್ತೆ, ಅದಕ್ಕೆ ಬೇಕಾದ ಡೇಟಾ ತುಂಬಾ ಕಡಿಮೆ. ರಾತ್ರಿ ಹತ್ತಕ್ಕೆ ಕೋಟಾ ಮುಗಿದರೆ ಎರಡು ಗಂಟೆ ಕಾದರೆ ಹೊಸ ಕೋಟಾ ಬರುತ್ತೆ. ಎರಡು ಗಂಟೆಗೆ 20 ರೂಪಾಯಿ ಕೊಡಬೇಕಾ ಅಂತ ಒಮ್ಮೆ ಕೇಳಿಕೊಳ್ಳಿ.

ಪರೀಕ್ಷೆ, ಕೆಲಸದ ಅರ್ಜಿ ತುಂಬುವವರಿಗೆ ಇದು ಹಣಕ್ಕಿಂತ ದೊಡ್ಡ ವಿಷಯ. ಕೊನೆಯ ದಿನ ಸಂಜೆ ಫೋಟೋ, ಸಹಿ, ಅಂಕಪಟ್ಟಿ ಅಪ್‌ಲೋಡ್ ಮಾಡೋಕೆ ಕೂತಾಗ 64 ಕೆಬಿಪಿಎಸ್‌ನಲ್ಲಿ ಪುಟ ಅರ್ಧಕ್ಕೇ ನಿಲ್ಲುತ್ತೆ. ಗಡಿಯಾಚೆ ಇದ್ದುಕೊಂಡು ಕರ್ನಾಟಕದ ಕಾಲೇಜಿಗೆ, ಕೆಲಸಕ್ಕೆ ಅರ್ಜಿ ಹಾಕುವವರಿಗೆ ಎಲ್ಲಾ ಆನ್‌ಲೈನೇ. ಹೋಗಿ ಕೇಳೋಕೆ ಕಚೇರಿ ಹತ್ತಿರ ಇಲ್ಲ. ಹಾಗಾಗಿ ನಿಯಮ ಮಾಡ್ಕೊಳ್ಳಿ: ಅರ್ಜಿ ಬೆಳಿಗ್ಗೆ, ಮನರಂಜನೆ ಸಂಜೆ.

ರಾತ್ರಿ 11ರ ಹೊತ್ತಿಗೆ ಇವತ್ತಿನದು ಎಷ್ಟು ಉಳಿದಿದೆ ನೋಡಿ. ಅರ್ಧ ಜಿಬಿ ಇದ್ದರೆ ನಾಳೆಯ ಪಾಠದ ವಿಡಿಯೋವನ್ನು ಆಗಲೇ ಕಡಿಮೆ ಗುಣಮಟ್ಟದಲ್ಲಿ ಇಳಿಸಿಟ್ಟುಕೊಳ್ಳಿ. ಪಠ್ಯಪುಸ್ತಕದ ಪಿಡಿಎಫ್ ಒಮ್ಮೆ ಇಳಿಸಿ ಫೋನಿನಲ್ಲೇ ಇಟ್ಟರೆ ದಿನಾ ತೆರೆದು ನೋಡೋಕೆ ಡೇಟಾ ಬೇಕಿಲ್ಲ. ಹೇಗೂ 12ಕ್ಕೆ ಸಾಯುವ ಡೇಟಾವನ್ನು 11ಕ್ಕೆ ದುಡಿಸಿಕೊಳ್ಳೋದು, ಅಷ್ಟೇ. ಮೇಲೆ ಹೇಳಿದ ಹುಡುಗ ಇದೊಂದು ಅಭ್ಯಾಸ ಮಾಡಿಕೊಂಡರೆ ಅವನ 8 ಆಡ್-ಆನ್‌ಗಳಲ್ಲಿ ಅರ್ಧ ಕಡಿಮೆಯಾಗುತ್ತೆ. ಖರ್ಚು ದಿನದಿಂದ ದಿನಕ್ಕೆ ಏರುಪೇರಾಗುವವರು ಇಡೀ ಅವಧಿಗೆ ಇಷ್ಟು ಜಿಬಿ ಅಂತ ಒಟ್ಟಿಗೆ ಕೊಡುವ ಪ್ಯಾಕುಗಳನ್ನೂ ನೋಡಿ. ಅದರಲ್ಲಿ ಮಧ್ಯರಾತ್ರಿಯ ಸಾವು ಇಲ್ಲ.

ಇನ್ನೊಂದು ಅಪಾಯ ಪ್ಯಾಕೇ ಇಲ್ಲದೆ ಮೇನ್ ಬ್ಯಾಲೆನ್ಸಿನಿಂದ ನೆಟ್ ಓಡೋದು. ಎಂಬಿಗೆ 50 ಪೈಸೆ ಅಂದುಕೊಂಡರೆ ಒಂದು ಜಿಬಿಗೆ 512 ರೂಪಾಯಿ. ಡೇಟಾ ಬೇಡದ ಫೋನಿನಲ್ಲಿ 1925ಕ್ಕೆ ‘ಸ್ಟಾಪ್’ ಅಂತ ಇಂಗ್ಲಿಷ್ ಅಕ್ಷರದಲ್ಲಿ ಮೆಸೇಜು ಕಳಿಸಿದರೆ ಡೇಟಾ ಸೇವೆಯೇ ಬಂದ್ ಆಗುತ್ತೆ. ಮತ್ತೆ ಬೇಕಾದಾಗ ಅದೇ ನಂಬರಿಗೆ ‘ಸ್ಟಾರ್ಟ್’.

*ಗಡಿ ದಾಟುವ ಟವರು, ಗಡಿ ದಾಟದ ಪ್ಲ್ಯಾನು*

ದೇಶದಲ್ಲಿ 22 ಟೆಲಿಕಾಂ ಸರ್ಕಲ್‌ಗಳಿವೆ. ಕಾಸರಗೋಡು, ವಯನಾಡು ಕೇರಳ ಸರ್ಕಲ್. ಹೊಸೂರು, ತಾಳವಾಡಿ, ನೀಲಗಿರಿ ತಮಿಳುನಾಡು ಸರ್ಕಲ್. ಆದೋನಿ, ರಾಯದುರ್ಗ, ಮಡಕಶಿರಾ ಮತ್ತು ತೆಲಂಗಾಣದ ಪಶ್ಚಿಮ ಭಾಗ ಎರಡೂ ಒಂದೇ ಆಂಧ್ರ ಸರ್ಕಲ್. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಮತ್ತು ಗೋವಾ ಒಂದೇ ಮಹಾರಾಷ್ಟ್ರ ಸರ್ಕಲ್. ಟವರಿನ ಅಲೆಗೆ ಈ ಗೆರೆ ಗೊತ್ತಿಲ್ಲ. ತಲಪಾಡಿಯ ಆಸುಪಾಸಿನಲ್ಲಿ ಮನೆಯೊಳಗೆ ಒಂದು ರಾಜ್ಯದ ಟವರು, ಅಂಗಳದಲ್ಲಿ ಇನ್ನೊಂದು ರಾಜ್ಯದ್ದು ಸಿಕ್ಕೀತು. ಈಗಿನ ಪ್ಯಾಕುಗಳಲ್ಲಿ ದೇಶದೊಳಗಿನ ರೋಮಿಂಗಿಗೆ ಸಾಮಾನ್ಯವಾಗಿ ಹೆಚ್ಚುವರಿ ಇಲ್ಲ, ಹಾಗಾಗಿ ಆ ಭಯ ಬೇಡ. ಆದರೆ ರೋಮಿಂಗಿನಲ್ಲಿ ಡೇಟಾ ಆಫ್ ಇಟ್ಟಿದ್ದರೆ ಅಂಗಳಕ್ಕೆ ಬಂದ ಕೂಡಲೇ ನೆಟ್ ನಿಲ್ಲುತ್ತೆ, ನಾವು ಡೇಟಾ ಮುಗಿಯಿತು ಅಂದುಕೊಂಡು ಪ್ಯಾಕು ಹಾಕಿಸ್ತೀವಿ. ಮೊದಲು ಆ ಸೆಟ್ಟಿಂಗ್ ನೋಡಿ. ಕಾಸರಗೋಡಿನಿಂದ ಗಲ್ಫಿಗೆ ಹೋಗುವವರು ಮಾತ್ರ ವಿಮಾನ ಹತ್ತುವ ಮೊದಲು ಡೇಟಾ ರೋಮಿಂಗ್ ಆಫ್ ಮಾಡಲೇಬೇಕು. ಅಲ್ಲಿನ ದರ ಬೇರೆ ಲೋಕದ್ದು.

ಪ್ಲ್ಯಾನು ಮಾತ್ರ ಸಿಮ್ಮಿನ ಸರ್ಕಲ್ಲಿಗೆ ಅಂಟಿಕೊಂಡಿರುತ್ತೆ. ಮಂಗಳೂರಿನ ಗೆಳೆಯ ತೋರಿಸಿದ ಆಫರು ನಿಮ್ಮ ಕೇರಳದ ಸಿಮ್ಮಿಗೆ ಇರಬೇಕಂತಿಲ್ಲ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಅಣ್ಣ ಊರಿನ ನಂಬರಿಗೆ ಪಾವತಿ ಆಪ್‌ನಿಂದ ರೀಚಾರ್ಜ್ ಮಾಡುವಾಗ ಕಂಪನಿ ಮತ್ತು ಸರ್ಕಲ್ ಸರಿ ಇದೆಯಾ ಅಂತ ನೋಡಲೇಬೇಕು. ಪೋರ್ಟ್ ಆದ ನಂಬರುಗಳಲ್ಲಿ ಆಪ್ ತಪ್ಪಾಗಿ ಊಹಿಸೋದುಂಟು.

ಆಟೋಪೇ ಹಾಕಿದ್ದರೆ ಇನ್ನೊಂದು ಎಚ್ಚರ. ಹಣ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ತಿಳಿಸಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ. ಆ ಮೆಸೇಜು ಬಂದಾಗ ಓದಿ. ಯುಪಿಐ ಆಪ್‌ನ ಆಟೋಪೇ ವಿಭಾಗದಲ್ಲಿ ಯಾವ್ಯಾವ ಕಂಪನಿಗೆ ಒಪ್ಪಿಗೆ ಕೊಟ್ಟಿದ್ದೀರಿ ಅನ್ನೋದು ಪಟ್ಟಿಯಾಗಿ ಸಿಗುತ್ತೆ. ಬೇಡದ್ದನ್ನು ಅಲ್ಲೇ ರದ್ದು ಮಾಡಬಹುದು. ಖಾತೆಯಿಂದ ಹಣ ಹೋದ ಮೇಲೆ ಬ್ಯಾಂಕಿಗೆ ಬಂದು ಕೇಳುವವರಿಗೆ ನಾವು ಹೇಳೋದೂ ಇದನ್ನೇ.

*ಈಗ ಭಾಷೆಯ ಮಾತು*

ಡೇಟಾ ಬಳಕೆ ಮಿತಿಯ 50, 90 ಮತ್ತು 100 ಶೇಕಡ ಮುಟ್ಟಿದಾಗ ಗ್ರಾಹಕನಿಗೆ ತಿಳಿಸಬೇಕು ಅಂತ ಟ್ರಾಯ್ ನಿಯಮ ಇದೆ. ಕಂಪನಿಗಳು ತಿಳಿಸುತ್ತವೆ ಕೂಡ. ಆದರೆ ತಿಳಿಸೋದು ಅಂದ್ರೆ ಏನು? ಕಳಿಸಿದರೆ ಸಾಕಾ, ತಿಳಿಯಬೇಕಾ? ಅಕ್ಕಲಕೋಟೆಯಲ್ಲಿ ಮನೆಮಾತು, ಓದು ಎರಡೂ ಕನ್ನಡವಾಗಿರುವ ಹೆಂಗಸಿಗೆ, ತಾಳವಾಡಿಯಲ್ಲಿ ಕನ್ನಡ ಶಾಲೆಯಲ್ಲಿ ಓದಿದ ರೈತನಿಗೆ ಆ ಮೂರು ಎಚ್ಚರಿಕೆಗಳೂ ಬರೀ ಟಿಣ್ ಅನ್ನೋ ಸದ್ದು. ನಿಯಮ ಪಾಲನೆ ಆಯಿತು, ಎಚ್ಚರಿಕೆ ಆಗಲಿಲ್ಲ. ಆ ಕತ್ತಲಲ್ಲೇ 20ರ ಪ್ಯಾಕು ಮಾರಾಟ ಆಗೋದು. ಯಾವ ಪ್ಲ್ಯಾನು ಹಾಕಬೇಕು ಅನ್ನೋದನ್ನು ಅಂಗಡಿಯವನು ತೀರ್ಮಾನಿಸ್ತಾನೆ, ನಾವು ತಲೆ ಅಲ್ಲಾಡಿಸ್ತೀವಿ.

ನಾವು ಆಯಾ ರಾಜ್ಯದ ಭಾಷೆ ಕಲಿಯೋದಿಲ್ಲ ಅಂತಲ್ಲ. ನಮ್ಮಲ್ಲಿ ಎರಡು ಮೂರು ಭಾಷೆ ಆಡದವರು ಯಾರಿದ್ದಾರೆ? ಆದರೆ ಆಡೋದು ಬೇರೆ, ಹಣದ ಷರತ್ತು ಓದಿ ಅರ್ಥ ಮಾಡ್ಕೊಳ್ಳೋದು ಬೇರೆ. ಸಂತೆಯಲ್ಲಿ ಚೌಕಾಸಿ ಮಾಡುವಷ್ಟು ಮರಾಠಿ ಬಂದ ಮಾತ್ರಕ್ಕೆ ಸಾಲದ ಪತ್ರ ಮರಾಠಿಯಲ್ಲಿ ಓದಿ ಸಹಿ ಹಾಕೋಕೆ ಆಗುತ್ತಾ?

‘ಸರ್ಕಲ್ ನೋಡಿ ಭಾಷೆ ಕೊಡೋದು, ಬೇರೆ ದಾರಿ ಇಲ್ಲ’ ಅನ್ನೋರಿಗೆ ಎರಡು ಉದಾಹರಣೆ ಕೊಡ್ತೀನಿ. ಇಂಟರ್‌ನೆಟ್ ಇಲ್ಲದ ಫೋನಿನಲ್ಲೂ ಬ್ಯಾಂಕ್ ವ್ಯವಹಾರ ಮಾಡುವ *99# ಸೇವೆ ಕನ್ನಡವೂ ಸೇರಿ 13 ಭಾಷೆಗಳಲ್ಲಿದೆ. ಅಲ್ಲಿ ಕೇಳೋದು ನಿಮಗೆ ಯಾವ ಭಾಷೆ ಬೇಕು ಅಂತ, ನಿಮ್ಮ ಟವರು ಯಾವ ರಾಜ್ಯದ್ದು ಅಂತ ಅಲ್ಲ. ಕೇಂದ್ರದ ಗ್ರಾಹಕ ಸಹಾಯವಾಣಿ 1915 ಕೂಡ ಕನ್ನಡವೂ ಸೇರಿ 17 ಭಾಷೆಗಳಲ್ಲಿ ಕೆಲಸ ಮಾಡುತ್ತೆ. ಅವರಿಗೆ ಆಗೋದು ಕೋಟಿಗಟ್ಟಲೆ ಗ್ರಾಹಕರಿರುವ ಮೊಬೈಲ್ ಕಂಪನಿಗೆ ಆಗಲ್ವಾ? ಇದು ತಂತ್ರಜ್ಞಾನದ ಕೊರತೆ ಅಲ್ಲ. ನಾವು ಕೇಳಿಲ್ಲ, ಅದಕ್ಕೇ ಅವರು ಕೊಟ್ಟಿಲ್ಲ.

ಹಾಗಾದ್ರೆ ಕೇಳೋಣ. ಹೇಗೆ?

ದೂರಿಗೆ 198. ಕರೆ ಮಾಡಿದಾಗ ಮೊದಲು ಭಾಷೆಯ ಆಯ್ಕೆ ಬರುತ್ತೆ. ಕನ್ನಡ ಇಲ್ಲದಿದ್ದರೆ ಪ್ರತಿನಿಧಿಯ ಜೊತೆ ಮಾತಾಡುವ ಆಯ್ಕೆ ಒತ್ತಿ, ‘ನನ್ನ ಸಂದೇಶಗಳು ಕನ್ನಡದಲ್ಲಿ ಬರಬೇಕು, ಇದನ್ನು ದಾಖಲಿಸಿ’ ಅಂತ ಹೇಳಿ. ಡಾಕೆಟ್ ನಂಬರು ಕೇಳಿ ಬರೆದಿಟ್ಟುಕೊಳ್ಳಿ. ನಂಬರು ಇಲ್ಲದ ದೂರು ದೂರೇ ಅಲ್ಲ. ಪರಿಹಾರ ಸಿಗದಿದ್ದರೆ 30 ದಿನದೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು, ಅದಕ್ಕೆ ಶುಲ್ಕ ಇಲ್ಲ. ಹಣ ತಪ್ಪಾಗಿ ಕಡಿತ ಆಗಿದೆ ಅನಿಸಿದರೆ ಪ್ರೀಪೇಯ್ಡ್ ಗ್ರಾಹಕನೂ ತನ್ನ ಬಳಕೆಯ ವಿವರ ಕೇಳಿ ಪಡೆಯಬಹುದು. ಕೇಳದೇ ಅಂಟಿಕೊಂಡ ಕಾಲರ್ ಟ್ಯೂನು, ಜ್ಯೋತಿಷ್ಯದ ಸೇವೆಗಳನ್ನು ಕಿತ್ತು ಹಾಕೋಕೆ 155223 ಇದೆ. ಕಂಪನಿಯ ಆಪ್‌ನ ಸೆಟ್ಟಿಂಗ್ಸ್‌ನಲ್ಲಿ ಭಾಷೆಯ ಆಯ್ಕೆ ಇದೆಯಾ ನೋಡಿ, ಕನ್ನಡ ಇದ್ದರೆ ಇವತ್ತೇ ಬದಲಿಸಿ.

ಒಬ್ಬರು ಕೇಳಿದರೆ ಅದು ಒಂದು ಡಾಕೆಟ್. ಒಂದು ತಾಲೂಕಿನ ಇನ್ನೂರು ಜನ ಒಂದೇ ವಾರದಲ್ಲಿ ಕೇಳಿದರೆ ಕಂಪನಿಯ ಲೆಕ್ಕದ ಪಟ್ಟಿಯಲ್ಲಿ ಅದು ಬೇಡಿಕೆ. ವ್ಯಾಪಾರಿಗೆ ಬೇಡಿಕೆಯ ಭಾಷೆ ಬೇಗ ಅರ್ಥ ಆಗುತ್ತೆ.

ಅಲ್ಲಿಯವರೆಗೆ ಕಾಯುತ್ತಾ ಕೂರೋದು ಬೇಡ. ಈ ಭಾನುವಾರ ಮನೆಯ ಎಲ್ಲಾ ಫೋನುಗಳನ್ನು ಒಂದು ಕಡೆ ಇಟ್ಟು ಅರ್ಧ ಗಂಟೆ ಕೂತುಕೊಳ್ಳಿ. ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಬರೆಯಿರಿ: ಯಾರ ಫೋನು, ಯಾವ ಪ್ಲ್ಯಾನು, ಯಾವಾಗ ಮುಗಿಯುತ್ತೆ, ದಿನಕ್ಕೆ ನಿಜವಾಗಿ ಎಷ್ಟು ಖರ್ಚಾಗುತ್ತೆ. ಹಾಳೆಯನ್ನು ಕ್ಯಾಲೆಂಡರಿನ ಪಕ್ಕ ಅಂಟಿಸಿ. ನಿಮ್ಮ ಮನೆಯದು ಮುಗಿದ ಮೇಲೆ ಪಕ್ಕದ ಮನೆಯ ಅಜ್ಜನ ಫೋನೂ ನೋಡಿ. ಅವರಿಗೆ ಬಂದಿರುವ ಮೆಸೇಜುಗಳನ್ನು ಕನ್ನಡದಲ್ಲಿ ಓದಿ ಹೇಳಿ. ಕಂಪನಿ ಮಾಡದ ಕೆಲಸವನ್ನು ಅಲ್ಲಿಯವರೆಗೆ ನಾವೇ ಮಾಡೋಣ.

ನಿಮ್ಮ ಊರಿನಲ್ಲಿ ಕಂಪನಿಯ ಎಚ್ಚರಿಕೆ ಮೆಸೇಜು ಯಾವ ಭಾಷೆಯಲ್ಲಿ ಬರುತ್ತೆ? ಊರಿನ ಹೆಸರಿನ ಜೊತೆ ಕೆಳಗೆ ಬರೆಯಿರಿ. ಫೋನ್ ನಂಬರು ಮಾತ್ರ ಹಾಕಬೇಡಿ.